ತೊಳೆದಿಟ್ಟ ಗೆಣಸು

ಅತ್ತಿ,

ಸಿಟ್ಟಿನಲ್ಲೇ ಬರೆಯಲು ಕುಳಿತಿದ್ದೇನೆ. ಹೇಗಿದ್ದೀಯ ಎಂದು ಕೇಳುವುದಿಲ್ಲ. ಇದ್ದಾಗ ಕೇಳಿದರೂ ‘ಹಾಂ’ ಅನ್ನುವುದರಾಚೆಗೆ ನೀನು ಹೇಳಿದ್ದು ಅಷ್ಟರಲ್ಲೇ ಇದೆ. ನಿನಗೆ ಅಕ್ಷರ ಬರುತ್ತಿರಲಿಲ್ಲ, ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಬರುತ್ತಿದ್ದವಳು ನೀನು. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ನಿನ್ನೆದುರು ನಿಂತು ದನಿ ಎತ್ತುವ ಧೈರ್ಯ ಹನ್ನೆರಡು ವರ್ಷದಲ್ಲಿ ನನಗೆ ಒಂದು ದಿನವೂ ಬರಲಿಲ್ಲ. ಈಗ ಬಂದಿದೆ. ನೀನು ಗೋಡೆಯ ಮೇಲೆ ಫೋಟೋದಲ್ಲಿದ್ದೀಯ, ಸೆರಗು ಕೊಡವಿ ಎದ್ದು ಹೋಗಲು ಆಗುವುದಿಲ್ಲ. ಪೂರಾ ಕೇಳು.

ನಾನು ಮದುವೆಯಾಗಿ ಬಂದ ಮೊದಲ ಸಂಕ್ರಾಂತಿ ನಿನಗೆ ನೆನಪಿದೆಯಾ? ಕೆಂಭಾವಿಯಿಂದ ಹತ್ತಿಕುಣಿ ಕಡೆಯ ಈ ಊರಿಗೆ ನಾನು ಕುಣಿದಾಡುತ್ತಾ ಬಂದವಳು. ಅಪ್ಪನ ತಂಗಿಯ ಮನೆ, ಸೋದರತ್ತೆಯೇ ಅತ್ತೆ, ಇನ್ನೇನು ಬೇಕು ಎಂದುಕೊಂಡಿದ್ದೆ. ಅವತ್ತು ಹೊಲದಿಂದ ಗೆಣಸಿನ ಬುಟ್ಟಿಗಳು ಬಂದಿದ್ದವು. ನೀನು ಒಳಕೋಣೆಯಲ್ಲಿ ಕುಳಿತು ಒಂದೊಂದೇ ಗೆಣಸನ್ನು ಎತ್ತಿಡುತ್ತಿದ್ದೆ. ನಾನು ಪಾತ್ರೆ ತೊಳೆಯುತ್ತಿದ್ದವಳು ಓಡಿ ಬಂದೆ, ನಾನೂ ಎತ್ತಿಕೊಡುತ್ತೇನೆ ಎಂದು. ಬಾಗಿಲಲ್ಲಿ ಇನ್ನೂ ಒಂದು ಕಾಲು ಇಟ್ಟಿದ್ದೆ ಅಷ್ಟೇ. ನೀನು ತಲೆ ಕೂಡ ಎತ್ತದೆ ಹೇಳಿದೆ:

“ಅಲ್ಲೇ ನಿಂದ್ರು. ಒಳಗ ಬರಬ್ಯಾಡ.”

ಅಂಗಳದಲ್ಲಿ ನಿನ್ನ ನೆಗೆಣ್ಣಿ ಸಿದ್ದಮ್ಮ ಕುಳಿತಿದ್ದಳು. ನಮಗೆಲ್ಲ ದೊಡ್ಡತ್ತಿ. ಅವಳ ಜೊತೆ ಓಣಿಯ ಇನ್ನಿಬ್ಬರು ಹೆಂಗಸರು. ಮೂವರೂ ನನ್ನ ಮುಖ ನೋಡಿದರು. ಹೊಸ ಸೀರೆ, ಕೈತುಂಬ ಹಸಿರು ಬಳೆ, ಬಳೆಯಿಂದ ಇಳಿದ ನೀರು ಪರಸಿ ಕಲ್ಲಿನ ಮೇಲೆ ಬೀಳುತ್ತಿತ್ತು. ಹಾಗೇ ನಿಂತೆ. ಅಡುಗೆ ಮಾಡಲು ಆಗುತ್ತೇನೆ, ನಿನ್ನ ಬಟ್ಟೆ ಒಗೆಯಲು ಆಗುತ್ತೇನೆ, ನಿನ್ನ ಗೆಣಸು ಮುಟ್ಟಲು ಆಗುವುದಿಲ್ಲ. ಯಾಕೆ ಎಂದು ನೀನು ಹೇಳಲಿಲ್ಲ. ಹೊಸದಾಗಿ ಬಂದವಳು, ನಾನು ಕೇಳಲಿಲ್ಲ.

ಆಮೇಲೆ ಪ್ರತಿ ವರ್ಷ ಅದೇ. ಆ ಕೋಣೆಯ ಒಳಗೆ ಏನಿದೆ ಎಂಬುದು ನನಗೆ ಬಾಗಿಲಾಚೆಯಿಂದ ಕಂಡಷ್ಟೇ. ಕೆಳಗೆ ತೊಗರಿ ಕಟ್ಟಿಗೆಯ ಹಾಸು, ಅದರ ಮೇಲೆ ಒಣ ಉಸುಕು, ಅದರಲ್ಲಿ ಒಂದಕ್ಕೊಂದು ತಾಗದ ಹಾಗೆ ಮಲಗಿಸಿದ ಗೆಣಸು, ಮೇಲೆ ಬೂದಿ. ಬಾಗಿಲ ಪಕ್ಕದ ಗೂಟಕ್ಕೆ ಒಂದು ಹಳೆಯ ಅರಿವಿ, ಬಟ್ಟೆಯ ತುಂಡು, ನೇತಾಡುತ್ತಿತ್ತು. ನಾನು ಹತ್ತಿರ ಬಂದರೆ ಅದೇ ಮಾತು, ಅಲ್ಲೇ ನಿಂದ್ರು. ನಿನ್ನ ಮಗ, ನನ್ನ ಗಂಡ ಶರಣಪ್ಪನನ್ನು ಒಮ್ಮೆ ಕೇಳಿದೆ, ನಿಮ್ಮವ್ವಗೆ ನನ್ನ ಕಂಡರೆ ಏನಾಗುತ್ತದೆ ಎಂದು. ಅವ್ವ ಗೆಣಸಿನ ವಿಷಯದಲ್ಲಿ ಹಾಗೇ, ತಲೆ ಕೆಡಿಸಿಕೊಳ್ಳಬೇಡ ಎಂದ. ನಿಮ್ಮ ಮನೆಯ ಗಂಡಸರಿಗೂ ನಿನ್ನದೇ ಬಾಯಿ.

ಮೂರು ವರ್ಷ ಆಯಿತು, ನಾಲ್ಕು ಆಯಿತು, ನನಗೆ ಮಕ್ಕಳಾಗಲಿಲ್ಲ. ಯಾದಗಿರಿಯ ದವಾಖಾನೆಗೆ ಎಷ್ಟು ಸಲ ಹೋಗಿ ಬಂದೆ ಎಂಬುದು ನಿನಗೆ ಗೊತ್ತು, ಬಸ್ಸಿಗೆ ಬುತ್ತಿ ಕಟ್ಟಿಕೊಟ್ಟವಳೇ ನೀನು. ಒಂದು ದಿನ ನೀರಿನ ಟಾಕಿಯ ಹತ್ತಿರ ಸಿದ್ದಮ್ಮ ನನ್ನ ಕೊಡ ಎತ್ತಿಕೊಡುತ್ತಾ ಮೆಲ್ಲಗೆ ಅಂದಳು: “ಹಡೀಲಾರದ ಕೈ ಗೆಣಸಿಗಿ ತಾಕಬಾರದಂತವ್ವ. ನಿಮ್ಮತ್ತಿ ನೀಲಿ ಮನಸಿನ್ಯಾಗ ಅದ ಇದ್ದೀತು.” ಕನಿಕರದಿಂದಲೇ ಅಂದಳು ಎಂದು ಅವತ್ತು ಅನಿಸಿತ್ತು. ಆ ಮಾತು ನನ್ನೊಳಗೆ ಹೋಗಿ ಕುಳಿತಿದ್ದು ಎದ್ದು ಬರಲೇ ಇಲ್ಲ. ಬುತ್ತಿ ಕಟ್ಟುವ ನಿನ್ನ ಕೈ ನೋಡಿದರೂ ಅದೇ ನೆನಪು, ನನ್ನ ತಲೆಗೆ ಎಣ್ಣೆ ಹಚ್ಚುವಾಗಲೂ ಅದೇ ನೆನಪು. ನನ್ನ ಅಪ್ಪನ ತಂಗಿ ನನ್ನ ಕೈಯನ್ನು ಬಂಜೆ ಕೈ ಅಂದುಕೊಂಡಿದ್ದಾಳೆ ಎಂದು ನಂಬಿಕೊಂಡು ನಾನು ನಿನ್ನ ತಟ್ಟೆಗೆ ರೊಟ್ಟಿ ಹಾಕಿದ್ದೇನೆ. ಎಂಟು ವರ್ಷ ಹಾಕಿದ್ದೇನೆ, ಅತ್ತಿ. ನಿನಗೆ ಒಂದು ಸಲವೂ ತಿಳಿಯಲಿಲ್ಲವೇ?

ಒಂದು ವರ್ಷ ಬಾಗಿಲಲ್ಲಿ ನಾನು ಹೋಗದೆ ನಿಂತಿದ್ದೆ. ಹಟವೇ ಬಂದಿತ್ತು. ನೀನು ಎದ್ದು, ಗೂಟದಿಂದ ಆ ಅರಿವಿ ಎಳೆದು, ನನ್ನ ಕಡೆ ಎಸೆದೆ. ಅದು ನನ್ನ ಎದೆಗೆ ಬಡಿದು ಕೆಳಗೆ ಬಿತ್ತು. ನಾಯಿಯನ್ನು ಓಡಿಸುವ ಹಾಗೆ ಓಡಿಸಿದಳು ಎಂದುಕೊಂಡೆ. ಅರಿವಿ ಎತ್ತಿ, ಕೊಡವಿ, ಮತ್ತೆ ಗೂಟಕ್ಕೆ ಹಾಕಿ ಹಿತ್ತಲಿಗೆ ಹೋಗಿ ಅತ್ತೆ. ನೀನು ಹಿಂದೆ ಬರಲಿಲ್ಲ. ಸಂಜೆ ಚಹಾಕ್ಕೆ ಬೆಲ್ಲ ಜಾಸ್ತಿ ಹಾಕಿಕೊಟ್ಟೆ, ಅಷ್ಟೇ.

ಇನ್ನು ಹೊಲದ ಮಾತು. ಕಾಲುವೆ ಕೆಳಗಿನ ಆ ಅರ್ಧ ಎಕರೆ ಕೆಂಪು ಮಸಾರಿ ಹೊಲ ನಿನ್ನದೇ ರಾಜ್ಯವಾಗಿತ್ತು. ಮಳೆ ಹಿಂದೆ ಸರಿಯುತ್ತಲೇ ಬೀರಪ್ಪನ ಕುರಿ ಹಿಂಡನ್ನು ಅಲ್ಲಿ ಕೂಡಿಸುತ್ತಿದ್ದೆ. ಹಿಕ್ಕೆ ಬಿದ್ದ ಮಣ್ಣನ್ನು ಹರಗಿ, ಮಣ್ಣೇರಿಸಿ ಬೋದು ಕಟ್ಟಿ, ಬಳ್ಳಿ ಹಚ್ಚುತ್ತಿದ್ದೆ. ಓಣಿಯ ಎಲ್ಲ ಒಲೆಗಳ ಬೂದಿ ನಿನಗೇ ಸೇರಬೇಕು. ಹಳೆಯ ಗೋಣಿಯಲ್ಲಿ ಬೂದಿ ಹೊತ್ತು ಬರುವಾಗ ನೀನು ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿರುತ್ತಿದ್ದೆ, ಓಣಿಯವರು ನಗುತ್ತಿದ್ದರು. ಗ್ಯಾಸ್ ಬಂದ ಮನೆಗಳ ಮೇಲೆ ನಿನಗೆ ಕೋಪ. ಅಗೆಯುವುದಕ್ಕೆ ಎರಡು ವಾರ ಮೊದಲೇ ಹೊಲಕ್ಕೆ ನೀರು ಬಂದ್. ಅಗೆದ ಗೆಣಸನ್ನು ಬೇವಿನ ನೆರಳಲ್ಲಿ, ಅದರದೇ ಬಳ್ಳಿ ಮುಚ್ಚಿ, ನಾಲ್ಕೈದು ದಿನ ಬಿಟ್ಟು, ಮಣ್ಣು ತಾನಾಗಿ ಉದುರುವ ಹೊತ್ತಿಗೆ ಮನೆಗೆ ತರಬೇಕು. ಇದೆಲ್ಲ ನಾನು ಕಣ್ಣಿನಿಂದ ನೋಡಿದ್ದು. ಯಾವುದು ಯಾತಕ್ಕೆ ಎಂದು ನಿನ್ನ ಬಾಯಿಂದ ಕೇಳಿದ್ದು ಒಂದೂ ಇಲ್ಲ.

ನಿನ್ನ ಕೊನೆಯ ವರ್ಷ ನಿನ್ನ ಮಗ ಒಂದು ಕೆಲಸ ಮಾಡಿದ. ಯಾದಗಿರಿಯ ವ್ಯಾಪಾರಿ ದಪ್ಪ ದಪ್ಪ ಗೆಣಸು ಬೇಕು ಅಂದಿದ್ದನಂತೆ. ಕಾಲುವೆಯ ಕಡೆಯ ಅರ್ಧ ಹೊಲಕ್ಕೆ ನಿನಗೆ ಹೇಳದೆ ಯೂರಿಯಾ ಚೆಲ್ಲಿ ಬಂದ, ಒಮ್ಮೆಯಲ್ಲ, ಎರಡು ಸಲ. ಆ ಕಡೆ ಬಳ್ಳಿ ಕಪ್ಪು ಹಸಿರಾಗಿ, ಮೊಣಕಾಲು ಮುಚ್ಚುವಷ್ಟು ಬೆಳೆಯಿತು. ನಾನೂ ನೋಡಿ ಹಿಗ್ಗಿದೆ. ನೀನು ಬದುವಿನ ಮೇಲೆ ನಿಂತು ಒಂದು ಎಲೆ ಕಿತ್ತು ಅಂಗೈ ಮೇಲೆ ಹರವಿ ನೋಡಿದ್ದು, ಏನೂ ಅನ್ನದೆ ನಡೆದಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಗೆದಾಗ ಆ ಕಡೆಯ ಗೆಣಸು ತೋಳಿನ ದಪ್ಪ, ಕೆಲವು ಉದ್ದಕ್ಕೆ ಸೀಳಿದ್ದವು. ನೀನು ಒಳಕೋಣೆಯಲ್ಲಿ ಅವತ್ತು ಎರಡು ಕಡೆ ಬೇರೆ ಬೇರೆ ಇಟ್ಟೆ. ದಪ್ಪನೆಯವು ಬಾಗಿಲ ಹತ್ತಿರ. ಬೂದಿ ಉಂಡ ಸಣ್ಣವು ಒಳಗೆ, ಉಸುಕಿನಲ್ಲಿ. ಯಾಕೆ ಎರಡು? ಬಾಗಿಲಾಚೆ ನಿಂತು ನೋಡಿದೆ, ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆಯಾ, ಅದೂ ಗೊತ್ತಿಲ್ಲ.

ಅದಾಗಿ ವಾರ ತುಂಬಿರಲಿಲ್ಲ. ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದವಳು ನೀನು, ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತೆ. ನೀರು ತರುವುದರೊಳಗೆ ನೀನಿರಲಿಲ್ಲ. ಮಾತೇ ಆಡದೆ ಬಾಳಿದವಳು ಹೋಗುವಾಗಲೂ ಒಂದು ಮಾತು ಆಡಲಿಲ್ಲ.

ನಿನ್ನನ್ನು ಮಣ್ಣು ಮಾಡಿ ಬಂದು ಐದನೆಯ ದಿನ ಮನೆ ತೊಳೆಯುವುದಿತ್ತು. ಸಿದ್ದಮ್ಮನೇ ಮುಂದೆ ನಿಂತಳು. ಮಡಕೆಗಳು ಹೊರಗೆ ಹೋದವು, ಹಾಸಿಗೆ ಒಗೆದೆವು, ಜೋಳ ತೊಗರಿ ಬಿಸಿಲಿಗೆ ಬಂದವು. ಆಮೇಲೆ ಅವಳು ಒಳಕೋಣೆಯ ಬಾಗಿಲಿಗೆ ಬಂದು ನಿಂತಳು. ಅತ್ತಿ, ಶಿವರಾತ್ರಿಯ ಸಂಜೆ ಊರಿನ ಈಶ್ವರನ ಗುಡಿಯಲ್ಲಿ ಉಪವಾಸದವರು ಮುರಿದು ತಿನ್ನುವ ಮೊದಲ ಗೆಣಸು ನಿನ್ನ ಬುಟ್ಟಿಯದು. ನಿನ್ನ ಅತ್ತೆಯ ಕಾಲದಿಂದ ಬಂದ ಪದ್ಧತಿ ಅದು, ಸಿದ್ದಮ್ಮನ ತಲೆಯಲ್ಲಿ ಅದೇ ಇತ್ತು.

“ಸೂತಕದ ಗೆಣಸ ಶಿವಗ ಹ್ಯಾಂಗ ಕೊಡ್ತೀರಿ?” ಅಂದಳು. “ಎಲ್ಲಾ ಹೊರಗ ತಗೀರಿ. ತೊಳದ ಒಳಗ ಇಡ್ರಿ.”

ಯಾರು ತೊಳೆಯುವುದು? ಎಲ್ಲರೂ ನನ್ನ ಕಡೆ ನೋಡಿದರು. ಮನೆಯ ಸೊಸೆ ನಾನೇ ತಾನೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಆ ಹೊಸ್ತಿಲು ದಾಟಿದೆ. ಕೇಳು, ಇದನ್ನು ಯಾರಿಗೂ ಹೇಳಿಲ್ಲ, ನಿನಗೇ ಹೇಳುತ್ತಿದ್ದೇನೆ. ನನಗೆ ಖುಷಿಯಾಗಿತ್ತು. ನಿನ್ನ ಮೇಲಿನ ಮಣ್ಣು ಇನ್ನೂ ಹಸಿಯಿತ್ತು, ನಾನು ಒಳಗೊಳಗೆ ಹಿಗ್ಗುತ್ತಿದ್ದೆ. ಈಗ ಯಾರು ತಡೆಯುತ್ತಾರೆ ನೋಡೋಣ ಎಂದು ಒಂದೊಂದು ಗೆಣಸನ್ನೂ ಕೈಯಾರೆ ಎತ್ತಿದೆ. ಕೊಡಗಟ್ಟಲೆ ನೀರು ಸುರಿದೆ. ತೆಂಗಿನ ನಾರು ಹಿಡಿದು ಉಜ್ಜಿದೆ, ಸಿಪ್ಪೆ ಸುಲಿದು ಬರುವಷ್ಟು ಉಜ್ಜಿದೆ. ಕೆಂಪಗೆ ಮಿನುಗುತ್ತಿದ್ದವು. ಮದಿಮಗಳಂಗ ಕಾಣಾಕತ್ತಾವ ಎಂದಳು ಸಿದ್ದಮ್ಮ. ನಿನ್ನ ಹಳೆಯ ಉಸುಕನ್ನು ಕಸ ಎಂದು ತಿಪ್ಪೆಗೆ ಹಾಕಿದೆ. ತೊಗರಿ ಕಟ್ಟಿಗೆ ಒಲೆಗೆ ಹೋಯಿತು. ತೊಳೆದ ಪರಸಿಯ ಮೇಲೆ ಗೋಣಿ ಹಾಸಿ, ನೀನು ಬೇರೆ ಬೇರೆ ಇಟ್ಟಿದ್ದ ಎರಡನ್ನೂ ಕೂಡಿಸಿ, ಮೂಲೆಯಲ್ಲಿ ಒಟ್ಟಿ, ಇಲಿ ಬಾರದಿರಲಿ ಎಂದು ಕಿಟಕಿ ಮುಚ್ಚಿದೆ. ಗೂಟದ ಅರಿವಿಯನ್ನೂ ಒಗೆದು ಮತ್ತೆ ಅಲ್ಲೇ ಹಾಕಿದೆ. ಎಷ್ಟು ಚೊಕ್ಕಟ ಮಾಡಿದೆ ಅಂದರೆ, ನೀನು ಬಂದು ನೋಡಬೇಕು ಅನಿಸಿತ್ತು.

ಶಿವರಾತ್ರಿಗೆ ಎರಡು ದಿನ ಇರುವಾಗ ಬಾಗಿಲು ತೆರೆದೆ. ಹುಳಿ ಹೆಂಡದ ವಾಸನೆ ಮುಖಕ್ಕೆ ಹೊಡೆಯಿತು. ಮೇಲಿನವು ಬೂಸು ಹಿಡಿದಿದ್ದವು. ಕೈ ಹಾಕಿದರೆ ಒಳಗಿನವು ಬೆರಳಿಗೆ ಗಂಜಿಯ ಹಾಗೆ ಹತ್ತಿದವು. ಆ ದಪ್ಪನೆಯವು ಕರಗಿ ನೀರಾಗಿ, ಪಕ್ಕದ ಸಣ್ಣವನ್ನೂ ಕೆಡಿಸಿ, ಗೋಣಿಯೆಲ್ಲ ಕಪ್ಪಾಗಿತ್ತು. ಎರಡು ಬುಟ್ಟಿಯಾದರೂ ಸಿಗುತ್ತವೇನೋ ಎಂದು ಮೊಣಕಾಲೂರಿ ಆರಿಸಿದೆ. ಕೊನೆಗೆ ಸಿಕ್ಕಿದ್ದು ಒಂದು ಮಡಿಲು, ಅದೂ ಅಲ್ಲಲ್ಲಿ ಕಪ್ಪು ಚುಕ್ಕೆ. ಗುಡಿಗೆ ಆ ವರ್ಷ ಯಾದಗಿರಿಯ ಬಜಾರಿನಿಂದ ಗೆಣಸು ತಂದರು.

ಮರುದಿನದಿಂದ ಶುರುವಾಯಿತು. ನೀಲಮ್ಮನ ಜೀವ ಗೆಣಸಿನ ಮೇಲೇ ಇತ್ತಂತೆ, ಬಿಟ್ಟು ಹೋಗಲು ಮನಸ್ಸಾಗಲಿಲ್ಲವಂತೆ, ಅದನ್ನೂ ತನ್ನ ಸಂಗಾಟ ಒಯ್ದಳಂತೆ. ಮೊದಲು ಅಂದಿದ್ದು ಯಾರು ಎಂದು ಬೇರೆ ಹೇಳಬೇಕೇ, ನಿನ್ನ ನೆಗೆಣ್ಣಿಯೇ. ತೊಳೆಯಿರಿ ಎಂದವಳೂ ಅವಳೇ, ನೀನು ಒಯ್ದೆ ಎಂದವಳೂ ಅವಳೇ. ಆ ಹೊಲದ ಬದುವಿನ ಮೇಲೆ ಸಂಜೆ ಯಾರೂ ನಡೆಯಬಾರದಂತೆ. ಆ ಮನೆಯ ಬಳ್ಳಿ ತುಂಡು ಯಾರೂ ಹಚ್ಚಬಾರದಂತೆ. ವರ್ಷ ವರ್ಷ ನಿನ್ನ ಗೆಣಸು ತಿಂದು ಉಪವಾಸ ಬಿಟ್ಟ ಬಾಯಿಗಳು, ಅತ್ತಿ, ಹದಿನೈದು ದಿನದಲ್ಲಿ ನಿನ್ನನ್ನು ದೆವ್ವ ಮಾಡಿದವು. ಸತ್ತವರ ತಲೆಗೆ ಕಟ್ಟುವುದು ಎಷ್ಟು ಸಲೀಸು. ತಿರುಗಿ ಒಂದು ಮಾತೂ ಬರುವುದಿಲ್ಲ.

ನಾನು? ನಾನು ಸುಮ್ಮನಿದ್ದೆ. ಇದನ್ನು ಬರೆಯಲೇ ಕುಳಿತಿದ್ದು. ಉಜ್ಜಿ ಸಿಪ್ಪೆ ಕಿತ್ತ ಗೆಣಸೇ ಮೊದಲು ಬೂಸು ಹಿಡಿದಿದ್ದನ್ನು ನನ್ನ ಕಣ್ಣಾರೆ ನೋಡಿದ್ದೆ. ನನ್ನ ಕೈಯಿಂದಲೇ ಏನೋ ಆಗಿದೆ ಎಂದು ಒಳಗೆ ತಿಳಿದಿತ್ತು. ಬಾಯಿ ಬಿಟ್ಟರೆ ಏನಾಗುತ್ತದೆ ಎಂಬುದೂ ತಿಳಿದಿತ್ತು. ಹಡೆಯದ ಕೈ ಮುಟ್ಟಿತು, ಗೆಣಸು ಕೊಳೆಯಿತು ಎನ್ನುತ್ತಾರೆ. ನೀನೋ ಸತ್ತಿದ್ದೀಯ, ನಿನಗೇನು ಹತ್ತುತ್ತದೆ ಎಂದು ಲೆಕ್ಕ ಹಾಕಿದೆ. ನಿನ್ನನ್ನು ಮುಂದೆ ಮಾಡಿ ನಾನು ಹಿಂದೆ ಅಡಗಿದೆ. ನಾಚಿಕೆ ಅನ್ನುವುದು ಆಮೇಲೆ ಬಂತು. ಮೊದಲು ಬಂದಿದ್ದು ನಿನ್ನ ಮೇಲಿನ ಸಿಟ್ಟೇ.

ಬೇಸಿಗೆಗೆ ಮೊದಲು ತವರಿಗೆ ಹೋದಾಗ ಅರ್ಧ ಕೆಟ್ಟು ಒಣಗಿದ ನಾಲ್ಕು ಗೆಣಸನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಕೆಂಭಾವಿಯ ಸಂತೆಗೆ ಹೋದೆ. ಗೆಣಸು ಮಾರುವ ಮುದುಕಿ ಬಸಮ್ಮ ನಿನ್ನ ಬಾಲ್ಯದ ಗೆಳತಿಯಂತೆ, ನನಗೆ ಅವತ್ತೇ ಗೊತ್ತಾಗಿದ್ದು. ಅವಳು ಗೆಣಸನ್ನು ಹೆಬ್ಬೆರಳಿನಿಂದ ಒತ್ತಿದಳು, ಮೂಸಿದಳು. ಇನ್ನೇನನ್ನೂ ಕೇಳಲಿಲ್ಲ.

“ತೊಳದಿಯೇನವ್ವಾ?”

ನಾನು ಹೌದು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. “ನೀಲಿ ಹೇಳಲಿಲ್ಲೇನು?”

ಸಂತೆಯ ನಡುವೆ, ಮೆಣಸಿನಕಾಯಿ ರಾಶಿಯ ಪಕ್ಕದಲ್ಲಿ, ನನಗೆ ಕಣ್ಣೀರು ಬಂತು. ಜನ ಮೆಣಸಿನಕಾಯಿ ಘಾಟು ಎಂದುಕೊಂಡಿರಬೇಕು. ಬಸಮ್ಮ ಪಕ್ಕದಲ್ಲಿ ಕೂರಿಸಿಕೊಂಡು, ಗಿರಾಕಿಗಳಿಗೆ ತೂಗಿ ಕೊಡುತ್ತಲೇ ಹೇಳಿದಳು. ಗೆಣಸಿಗೆ ನೀರು ಬೇಕಾಗಿರುವುದು ಹೊಲದಲ್ಲಿ ಮಾತ್ರ. ಅಗೆದ ಮೇಲೆ ಅದರ ಮೈಮೇಲಿನ ಗಾಯ ಬಳ್ಳಿಯ ಕೆಳಗೆ ಬೆಚ್ಚಗೆ ಮಲಗಿ ಮಾಯಬೇಕು. ಒಮ್ಮೆ ಮಾಯ್ದ ಸಿಪ್ಪೆಯನ್ನು ಒದ್ದೆ ಕೈಯಿಂದಲೂ ಮುಟ್ಟಬಾರದು. ಕೆಳಗೆ ಗಾಳಿ ಆಡಬೇಕು, ಒಂದಕ್ಕೊಂದು ತಾಗಬಾರದು. ಅಗೆದ ದಿನ ಗೆಣಸಿಗೆ ರುಚಿ ಇಲ್ಲ, ಉಸುಕಿನಲ್ಲಿ ಮೂರು ನಾಲ್ಕು ವಾರ ಕುಳಿತರೆ ಸಿಹಿ ತಾನಾಗಿ ಏರುತ್ತದೆ. ಆಮೇಲೆ ಕೇಳಿದಳು, ದಪ್ಪ ಇದ್ದವೇನು, ಸೀಳಿದ್ದವೇನು ಎಂದು. ಅರ್ಧ ಹಾಗಿದ್ದವು ಎಂದೆ. ಸರಕಾರಿ ಗೊಬ್ಬರ ಜಾಸ್ತಿ ತಿಂದಿವೆ ಎಂದಳು. ಯೂರಿಯಾ ಹೆಚ್ಚಾದರೆ ಬಳ್ಳಿ ಕೊಬ್ಬುತ್ತದೆ, ಗೆಣಸು ನೀರು ಕುಡಿದು ಊದುತ್ತದೆ, ಕುದಿಸಿದರೆ ಸಪ್ಪೆ, ಇಟ್ಟರೆ ನಿಲ್ಲುವುದಿಲ್ಲ. ಬೂದಿ ಉಂಡದ್ದು ಸಣ್ಣದು, ಆದರೆ ಗಟ್ಟಿ, ಸಿಹಿ, ಶಿವರಾತ್ರಿ ದಾಟಿ ಯುಗಾದಿಯವರೆಗೂ ಇರುತ್ತದೆ.

ಹಾಗಾದರೆ ಅದಕ್ಕೇ ಎರಡು ಕಡೆ ಇಟ್ಟಿದ್ದೆಯಾ ನೀನು? ಬಾಗಿಲ ಹತ್ತಿರದವು ಮೊದಲು ಖಾಲಿಯಾಗಲಿ ಎಂದು, ಒಳಗಿನವು ಗುಡಿಗೆ ಎಂದು? ನಾನು ಎರಡನ್ನೂ ಕೂಡಿಸಿದೆನಲ್ಲ. ಮತ್ತೆ ಆ ಅರಿವಿ. ಕೈ ಒರೆಸಿಕೊಂಡು ಒಳಗೆ ಬಾ ಎಂದು ಎಸೆದೆಯಾ, ಅತ್ತಿ? ಹಾಗಿದ್ದರೆ ಎಸೆಯುವಾಗ ಜೊತೆಗೆ ಒಂದು ಮಾತು ಎಸೆಯಲು ನಿನ್ನ ಗಂಟಲಿಗೆ ಏನಾಗಿತ್ತು? ಕೈ ಹಸಿ ಅದ ಎಂದರೆ ಸಾಕಿತ್ತು. ಮೂರು ಪದ. ಅಷ್ಟಕ್ಕೆ ನಿನ್ನ ಬಾಯಿ ಸವೆಯುತ್ತಿತ್ತೇ? ಬಂಜೆ ಎಂದು ನನ್ನನ್ನು ನಾನೇ ಕರೆದುಕೊಂಡ ಆ ವರ್ಷಗಳನ್ನೆಲ್ಲ ನೀನು...

ಏಳುವಾಗ ಬಸಮ್ಮ ಇನ್ನೊಂದು ಹೇಳಿದಳು. ನೀನು ಸಣ್ಣವಳಿದ್ದಾಗ ಒದ್ದೆ ಕೈಯಿಂದ ಗೆಣಸು ಮುಟ್ಟಿದ್ದಕ್ಕೆ ನಿನ್ನವ್ವ, ಅಂದರೆ ನನ್ನಜ್ಜಿ, ಬೆತ್ತದಿಂದ ಕೈಮೇಲೆ ಹೊಡೆದಿದ್ದಳಂತೆ. “ಆಕೀಗೂ ಯಾರೂ ಹೇಳಿಲ್ಲವ್ವ, ಏಟ ತಿಂದ ಕಲತಾಳ” ಎಂದಳು. ಬಸ್ಸಿನಲ್ಲಿ ಶಹಾಪುರ ದಾಟುವವರೆಗೂ ಅದನ್ನೇ ಯೋಚಿಸಿದೆ. ಕನಿಕರ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಸಿಟ್ಟು ಕಮ್ಮಿಯಾಗಲಿಲ್ಲ. ಏಟು ತಿಂದವಳಿಗೇ ಅಲ್ಲವೇ ಗೊತ್ತಾಗಬೇಕಿದ್ದದ್ದು.

ಮನೆಗೆ ಬಂದವಳೇ ಶರಣಪ್ಪನನ್ನು ಹಿಡಿದೆ. ಯೂರಿಯಾ ಹಾಕಿದ್ದು ಅವ್ವನಿಗೆ ಗೊತ್ತಿತ್ತೇ ಎಂದೆ. ತಲೆ ತಗ್ಗಿಸಿದ. ಗೊತ್ತಿತ್ತಂತೆ. ಬಳ್ಳಿ ನೋಡಿದ ದಿನ ಅವನೊಬ್ಬನಿಗೇ ಒಂದು ಮಾತು ಅಂದೆಯಂತೆ: “ಎಲಿ ಮಾರ್ತೀಯೋ, ಗೆಣಸ ಮಾರ್ತೀಯೋ?” ಹಾಗೆ ಕೇಳಿಸಿಕೊಂಡವನು ಊರೆಲ್ಲ ನಿನ್ನನ್ನು ದೆವ್ವ ಎನ್ನುವಾಗ ಬಾಯಿಗೆ ಬೀಗ ಹಾಕಿಕೊಂಡಿದ್ದ. ನಾನೂ ಹಾಕಿಕೊಂಡಿದ್ದೆ. ಅವನಿಗೆ ಬೈಯುವಾಗ ನನ್ನದೂ ಸೇರಿಸಿಯೇ ಬೈದೆ. ಆ ಹೊಲಕ್ಕೆ ಇನ್ನು ಹತ್ತಿ ಹಾಕೋಣ, ಆ ಗೆಣಸಿನ ಸಹವಾಸವೇ ಬೇಡ ಎಂದ. ಹಾಕು, ನಾನು ಕೆಂಭಾವಿಗೆ ಹೋಗುತ್ತೇನೆ, ಹತ್ತಿಯ ಜೊತೆ ಸಂಸಾರ ಮಾಡು ಎಂದೆ. ಹತ್ತಿ ಹಾಕಲಿಲ್ಲ.

ಈ ವರ್ಷ ಬೂದಿ ಹೊತ್ತಿದ್ದು ನಾನು. ನಗುವವರು ನಕ್ಕರು. ನಿನ್ನ ಆ ಒಂದು ಮಡಿಲು ಗೆಣಸಿನಲ್ಲಿ ಚೆನ್ನಾಗಿದ್ದವನ್ನು ಹಿತ್ತಲಲ್ಲಿ ಹೂಳಿ ಬಳ್ಳಿ ಎಬ್ಬಿಸಿದ್ದೆ. ಅದೇ ಬಳ್ಳಿಯನ್ನು ತುಂಡು ಮಾಡಿ ಹಚ್ಚಿದೆ. ಬೀರಪ್ಪ ಕುರಿ ಕೂಡಿಸಲು ಬಂದಾಗ ಅವನ ಹೆಂಡತಿ ಆ ಹೊಲ ಬೇಡ ಎಂದು ತಡೆದಳಂತೆ, ಅವನು ಕೇಳಲಿಲ್ಲ. ಹಚ್ಚಿದ ಹೊಸತರಲ್ಲಿ ಬಳ್ಳಿ ಸ್ವಲ್ಪ ಹಳದಿ ತಿರುಗಿತು. ಶರಣಪ್ಪ ಒಂದು ಹಿಡಿ ಯೂರಿಯಾ ಎಂದ. ಒಂದೇ ಹಿಡಿ ಹಾಕಿದೆವು, ಅದೂ ನಾನು ನಿಂತು ನೋಡಿ, ಶುರುವಿನಲ್ಲೇ. ಅಷ್ಟಕ್ಕೆ ಏನೂ ಕೆಡಲಿಲ್ಲ. ನೀನಿದ್ದಿದ್ದರೆ ಒಂದು ಕಾಳನ್ನೂ ಬಿಡುತ್ತಿರಲಿಲ್ಲ, ಗೊತ್ತು. ನಿನ್ನ ಎಲ್ಲ ಮಾತನ್ನೂ ಕೇಳಬೇಕೆಂದು ಎಲ್ಲಿದೆ, ನೀನು ಆಡಿದ್ದಾದರೂ ಎಷ್ಟು.

ಮೂರು ದಿನದ ಹಿಂದೆ ಶಿವರಾತ್ರಿ. ಬೆಳಿಗ್ಗೆ ಒಳಕೋಣೆ ತೆರೆದೆ. ಮೂಗು ಮುಂದೆ ಮಾಡಿ ನಿಂತೆ. ಉಸುಕಿನ ವಾಸನೆ, ಬೂದಿಯ ವಾಸನೆ, ಬೇರೇನೂ ಇಲ್ಲ. ಒಂದೊಂದಾಗಿ ಎತ್ತಿದೆ, ಎಲ್ಲವೂ ಕಲ್ಲಿನ ಹಾಗೆ ಗಟ್ಟಿ. ಸಂಜೆ ಕುದಿಸಿ, ಎರಡು ಬುಟ್ಟಿ ತುಂಬಿ, ಗುಡಿಗೆ ಹೊತ್ತುಕೊಂಡು ಹೋದೆವು. ಬುಟ್ಟಿ ಇಳಿಸುವ ಮೊದಲೇ ಸಿದ್ದಮ್ಮ ಕಟ್ಟೆಯಿಂದ ಎದ್ದು ಬಂದಳು. ಆ ಮನಿ ಗೆಣಸ ಬ್ಯಾಡ, ಹೋದ ವರ್ಷ ನೀಲಿ ಒಯ್ದಳು, ಈ ವರ್ಷ ತಿಂದವರಿಗೆ ಏನಾಗ್ತದೋ ಎಂದಳು. ಉಪವಾಸ ಕುಳಿತ ಅಷ್ಟೂ ಜನ ಬುಟ್ಟಿ ನೋಡಿದರು, ನನ್ನ ನೋಡಿದರು. ಮೊದಲ ಸಂಕ್ರಾಂತಿಯ ದಿನ ನೋಡಿದ ಹಾಗೆಯೇ.

ಅವತ್ತು ಬಾರದ ಬಾಯಿ ಈ ಸಲ ಬಂತು, ಅತ್ತಿ.

“ನಮ್ಮತ್ತಿ ಏನೂ ಒಯ್ದಿಲ್ಲ,” ಅಂದೆ. “ತೊಳಿ ಅಂದಾವ್ರು ನೀವ, ತೊಳದಾಕಿ ನಾ. ಹಸೀ ಗೆಣಸ ಒಟ್ಟಿ ಕಿಟಕಿ ಮುಚ್ಚೇನಿ, ನಾನ ಕೊಳಸೇನಿ. ಹಡೀಲಾರದ ಕೈ ಅಂದಿದ್ರೆಲ್ಲ ದೊಡ್ಡತ್ತಿ, ಅದ ಕೈಲೆ ಈ ವರ್ಷದ್ದು ಇಟ್ಟೇನಿ. ಮೂಸಿ ನೋಡ್ರಿ.”

ಹಿಂದಿನಿಂದ ಶರಣಪ್ಪ ಬಂದು ಎರಡನೆಯ ಬುಟ್ಟಿಯನ್ನು ನನ್ನ ಬುಟ್ಟಿಯ ಪಕ್ಕಕ್ಕೆ ಇಳಿಸಿದ. ಯೂರಿಯಾ ಸುರಿದಾವ ನಾ, ಅವ್ವಗ ಹೇಳದ ಸುರಿದೇನಿ ಎಂದ. ದನಿ ಸಣ್ಣಗಿತ್ತು, ಆದರೆ ಎಲ್ಲರಿಗೂ ಕೇಳಿಸಿತು. ನಿನ್ನ ಮಗ ಅಷ್ಟು ಜನರ ಮುಂದೆ ಅಷ್ಟು ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಬೀರಪ್ಪ ಎದ್ದು ಬಂದ. ಬೆಳಗಿನಿಂದ ನೀರನ್ನೂ ಮುಟ್ಟದ ಮನುಷ್ಯ. ಒಂದು ಗೆಣಸು ತೆಗೆದು ಮುರಿದ, ಆವಿ ಎದ್ದಿತು, ಬಾಯಿಗೆ ಹಾಕಿಕೊಂಡ, ನಿಧಾನವಾಗಿ ತಿಂದ. “ನೀಲವ್ವನ ಗೆಣಸ ಅದ,” ಅಂದ. ಇನ್ನೊಂದು ತೆಗೆದುಕೊಂಡು ಹೋಗಿ ಕುಳಿತ. ಆಮೇಲೆ ಒಬ್ಬೊಬ್ಬರೇ ಬಂದರು. ಸಿದ್ದಮ್ಮ ಮುಟ್ಟಲಿಲ್ಲ. ಬಾಳೆಹಣ್ಣು ತಿಂದು ಉಪವಾಸ ಬಿಟ್ಟಳು. ನನ್ನ ಬೆನ್ನ ಹಿಂದೆ ಈಗಲೂ ಏನೋ ಅನ್ನುತ್ತಿರಬೇಕು, ಅನ್ನಲಿ. ನಿನ್ನ ಹೆಸರು ಹಿಡಿದು ಅನ್ನುವುದಕ್ಕೆ ಇನ್ನು ಅವಳಿಗೆ ಬಾಯಿಲ್ಲ. ಅಷ್ಟು ನನಗೆ ಸಾಕು.

ನಿನಗೆ ತಿಳಿಯದ ಸುದ್ದಿ ಒಂದಿದೆ. ನಿನ್ನ ಸಣ್ಣ ಮಗ ಮಲ್ಲಣ್ಣನ ಮದುವೆಯಾಯಿತು. ನಿನ್ನ ವರ್ಷ ತುಂಬುವುದರೊಳಗೆ ಮುಗಿಸಬೇಕೆಂದು ಅವಸರದಲ್ಲಿ ಮಾಡಿದೆವು. ಹುಡುಗಿ ವಡಗೇರಾದವಳು, ಸುಮಂಗಲಾ ಎಂದು ಹೆಸರು. ಬಾಯಿ ಚುರುಕು, ನೀನಿದ್ದಿದ್ದರೆ ಕಷ್ಟವಿತ್ತು. ತವರಿಗೆ ಹೋದವಳು ಮೊನ್ನೆ ಬಂದಳು.

ಇವತ್ತು ಬೆಳಿಗ್ಗೆ ನಾನು ಒಳಕೋಣೆಯಲ್ಲಿ ಉಳಿದ ಗೆಣಸನ್ನು ತಿರುವಿ ಇಡುತ್ತಿದ್ದೆ. ಅವಳು ಪಾತ್ರೆ ತೊಳೆಯುತ್ತಿದ್ದವಳು ಓಡಿ ಬಂದಳು, ಅಕ್ಕಾ ನಾನೂ ಎತ್ತಿಕೊಡ್ತೇನಿ ಎಂದು. ಬಾಗಿಲಲ್ಲಿ ಇನ್ನೂ ಒಂದು ಕಾಲು ಇಟ್ಟಿದ್ದಳು.

“ಅಲ್ಲೇ ನಿಂದ್ರು,” ಅಂದೆ.

ನನ್ನ ಬಾಯಿಂದ ಬಂದಿದ್ದು ನಿನ್ನ ದನಿ. ತಲೆ ಎತ್ತಿ ನೋಡಿದೆ. ಹಸಿರು ಬಳೆಯಿಂದ ನೀರು ಪರಸಿಯ ಮೇಲೆ ಬೀಳುತ್ತಿತ್ತು. ಮುಖ ಆಗಲೇ ಸಣ್ಣದಾಗಿತ್ತು, ನನ್ನದು ಅವತ್ತು ಆದ ಹಾಗೆ. ನಾನು ಎದ್ದೆ. ಗೂಟದಿಂದ ನಿನ್ನ ಅರಿವಿ ತೆಗೆದುಕೊಂಡೆ. ಎಸೆಯಲಿಲ್ಲ. ಹೋಗಿ ಅವಳ ಎರಡೂ ಕೈ ಹಿಡಿದು, ಬಳೆಯ ಒಳಗೆಲ್ಲ, ಬೆರಳಿನ ಸಂದಿಯಲ್ಲೆಲ್ಲ ಒರೆಸಿದೆ.

“ನೀರ ತಾಕಿದ್ರ ಗೆಣಸ ಕೊಳೀತಾವ,” ಅಂದೆ. “ಅದಕ್ಕ ನಿಂದ್ರು ಅಂದೆ. ಮತ್ತೇನಿಲ್ಲ. ಬಾ ಒಳಗ.”

ಅವಳು ಅಷ್ಟೇನಾ ಎಂದು ನಕ್ಕು ಒಳಗೆ ಬಂದು ನನ್ನ ಪಕ್ಕ ಕುಳಿತಳು. ಕೈಗೊಂದು ಗೆಣಸು ಕೊಟ್ಟೆ.

ಅಷ್ಟೇ, ಅತ್ತಿ. ಅರಿವಿ ಮತ್ತೆ ಗೂಟಕ್ಕೆ ಹಾಕುವುದರೊಳಗೆ ಹೇಳಿ ಮುಗಿದಿತ್ತು. ನಿನ್ನ ಕೈಯಲ್ಲಿ ಹನ್ನೆರಡು ವರ್ಷ ಇತ್ತು.

ನಿನ್ನ ಅಣ್ಣನ ಮಗಳು,
ಮಹಾದೇವಿ